ಯಂತ್ರ ಕೆಟ್ಟ ದಿನಕ್ಕೆ ಜನ ಎಲ್ಲಿ?

ಮಾನ್ಯರೇ,

2025ರ ನವೆಂಬರ್ 7ರ ಶುಕ್ರವಾರ ದೆಹಲಿ ವಿಮಾನ ನಿಲ್ದಾಣದಲ್ಲಿ ಯಂತ್ರ ಕೈಕೊಟ್ಟು ವಿಮಾನಗಳೆಲ್ಲ ತಡವಾದ ಗೊಂದಲದ ವರದಿ ಓದಿದೆ. ಅಂದು ಬೆಂಗಳೂರು ವಿಮಾನಕ್ಕೆ ಕಾದವರಲ್ಲಿ ನಾನೂ ಒಬ್ಬ. ಕೂರಲು ಕುರ್ಚಿ ಇಲ್ಲ. ಶುಗರ್ ಮಾತ್ರೆ ಒಳಗೆ ಹೋದ ಸೂಟ್‌ಕೇಸಿನಲ್ಲಿ. ಹೆಂಡತಿಗೆ ಮಂಡಿನೋವು ಬೇರೆ. ಕೌಂಟರಿನ ಹುಡುಗಿ ‘ಆ್ಯಪ್ ನೋಡಿ ಅಂಕಲ್’ ಎಂದಳು. ಆ್ಯಪ್‌ನಲ್ಲಿ ನಮ್ಮ ವಿಮಾನ ಸರಿಯಾದ ಸಮಯಕ್ಕೇ ಹೊರಟುಬಿಟ್ಟಿತ್ತು! ನಡುರಾತ್ರಿ ದೇವನಹಳ್ಳಿಯಲ್ಲಿ ಇಳಿದು, ಟ್ಯಾಕ್ಸಿಯವನು ಕೇಳಿದಷ್ಟು ಕೊಟ್ಟು ಜಯನಗರ ಸೇರುವ ಹೊತ್ತಿಗೆ ನಾದಿನಿ ಮಗಳ ನಿಶ್ಚಿತಾರ್ಥ ಮುಗಿದು ಎಲೆಯನ್ನೂ ಎತ್ತಿಯಾಗಿತ್ತು.

ಆಗಿದ್ದೇನು? ವಿಮಾನಗಳ ಹಾರಾಟದ ವಿವರವನ್ನು ಕಂಟ್ರೋಲರ್‌ಗಳ (ವಿಮಾನಗಳಿಗೆ ದಾರಿ ಹೇಳುವ ಸಿಬ್ಬಂದಿಯ) ಪರದೆಗೆ ತಾನಾಗಿಯೇ ತಲುಪಿಸಲು ಬೇಕಾದ ಎಎಂಎಸ್‌ಎಸ್ ಎಂಬ ಸಂದೇಶ ರವಾನೆಯ ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟಿತು. ಸಿಬ್ಬಂದಿ ಒಂದೊಂದನ್ನೂ ಕೈಯಾರೆ ತುಂಬಬೇಕಾಯಿತು. ದಿನಕ್ಕೆ 1,500ಕ್ಕೂ ಜಾಸ್ತಿ ವಿಮಾನ ಓಡಾಡುವ ಕಡೆ ಇದು ಸಣ್ಣ ಕೆಲಸವಾ? 800ಕ್ಕೂ ಹೆಚ್ಚು ವಿಮಾನ ತಡವಾದವು. ಹೆಚ್ಚುವರಿ ಸಿಬ್ಬಂದಿ ಹಾಕಿದ್ದೇವೆ ಎಂದು ಹೇಳಿಕೆ ಬಂತು. ಸಂತೋಷ. ಅಷ್ಟು ಜನ ಇದ್ದಿದ್ದರೆ ಮೊದಲೇ ಯಾಕೆ ಹಾಕಲಿಲ್ಲ?

ಕಂಟ್ರೋಲರ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ದೆಹಲಿ, ಮುಂಬೈಯ ವ್ಯವಸ್ಥೆ ಸೊರಗುತ್ತಿದೆ ಎಂದು ಅವರ ಸಂಘ 2025ರ ಜುಲೈನಲ್ಲೇ ಸಂಸದರಿಗೆ ಬರೆದಿತ್ತು. ಆಗಸ್ಟ್‌ನಲ್ಲಿ ಸಂಸದೀಯ ಸಮಿತಿಯೂ ಕಂಟ್ರೋಲರ್‌ಗಳ ಕೊರತೆ, ದಣಿವಿನ ಬಗ್ಗೆ ಹೇಳಿತು. ಓದಿದವರು ಯಾರು? ಯಂತ್ರ ಬಂತು ಅಂದ ಕೂಡಲೇ ಇಷ್ಟು ಜನ ಸಾಕು ಅಂತ ಮೇಲಿನವರು ಲೆಕ್ಕ ಹಾಕುತ್ತಾರೆ. ಯಂತ್ರ ನೆಟ್ಟಗಿರುವ ದಿನಕ್ಕೆ ಆ ಲೆಕ್ಕ ಸರಿ. ಕೆಟ್ಟ ದಿನ ಅದರ ಕೆಲಸವೂ ಅದೇ ಜನರ ತಲೆಗೆ. ಕಂಟ್ರೋಲರ್ ಅಂದರೆ ತರಬೇತಿ, ಪರವಾನಗಿ ಎಲ್ಲ ಆಗಬೇಕು, ಸಂಜೆಯೊಳಗೆ ಯಾರನ್ನೋ ಹಿಡಿದು ಕೂರಿಸಲು ಬರುವುದಿಲ್ಲ.

ನಮ್ಮೂರಲ್ಲೇನು ಕಮ್ಮಿ? ಸೈಟ್ ನೋಂದಣಿಗೆ ಹೋದಾಗಲೂ ‘ಸರ್ವರ್ ಡೌನ್, ನಾಳೆ ಬನ್ನಿ’. ಖಾತೆಗೆ ಅಲೆದದ್ದು ಬೇರೆಯೇ ಪುರಾಣ. ದಪ್ಪ ರಿಜಿಸ್ಟರ್ ಇದ್ದಾಗ ಗುಮಾಸ್ತರು ಕಾಸು ತಗೊಂಡರೂ ಕೆಲಸ ಆಗುತ್ತಿತ್ತು. ಈಗ ಕಾಸು ಕೊಡುವುದೂ ತಪ್ಪಿಲ್ಲ, ಸರ್ವರ್ ಕೂಡ ಬಂದಿದೆ.

ವಿಮಾನಯಾನ ಸಚಿವರು ಹೊಸ ವ್ಯವಸ್ಥೆ ತರಲಿ, ಇಲ್ಲವೇ ಜನರನ್ನಾದರೂ ತುಂಬಲಿ. ಎರಡನ್ನೂ ಮಾಡಲಿ, ಯಾರು ಬೇಡ ಅಂದರು? ಸುಮ್ನೆ ಇನ್ನೊಂದು ಸಮಿತಿ ಮಾತ್ರ ಬೇಡ. ಆ ದೊಡ್ಡ ಅಧಿಕಾರಿಗಳನ್ನು ವಿಐಪಿ ಲಾಂಜ್‌ನಿಂದ ಎಬ್ಬಿಸಿ ಒಂದು ದಿನ ನಮ್ಮ ಜೊತೆ ನೆಲದ ಮೇಲೆ ಕೂರಿಸಿ, ಆ್ಯಪ್ ನೋಡುತ್ತಾ ಇರಲಿ.

ನಿವೃತ್ತ ಬ್ಯಾಂಕ್ ನೌಕರ, ಜಯನಗರ, ಬೆಂಗಳೂರು