ಸಾವಿನ ಕಾರಣ ಬರೆಸುವ ಕುರಿತು ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೇ,

ನಮ್ಮ ಆದಿವಾಸಿ ಹಾಡಿಗಳಲ್ಲಿ, ಕಾಫಿ ತೋಟಗಳ ಕಾರ್ಮಿಕರ ಲೈನ್ ಮನೆಗಳಲ್ಲಿ ಯಾರಾದರೂ ತೀರಿಕೊಂಡಾಗ ‘ವಯಸ್ಸಾಗಿತ್ತು’, ‘ಎದೆನೋವು ಬಂತು’ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಬಡ ದೇಶಗಳ ಹಳ್ಳಿಗಳಲ್ಲಿ ಅನೇಕರು ವೈದ್ಯರನ್ನು ಕಾಣದೆ ಮನೆಯಲ್ಲೇ ಕೊನೆಯುಸಿರೆಳೆಯುವುದರಿಂದ, ಮನೆಯವರನ್ನು ವಿಚಾರಿಸಿ, ಕೊನೆಯ ದಿನಗಳ ಜ್ವರ, ಉಬ್ಬಸ, ಗಾಯ ಮುಂತಾದ ವಿವರಗಳನ್ನು ಬರೆದುಕೊಂಡು, ಅದನ್ನು ಓದಿದ ವೈದ್ಯರು ಕಾರಣವನ್ನು ನಿರ್ಧರಿಸುವ ಕ್ರಮವೊಂದು ಬಳಕೆಗೆ ಬಂದಿದೆ. 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತಿರಬಹುದೆಂಬ ಅಂದಾಜು ದೊರೆತದ್ದು ಮುಖ್ಯವಾಗಿ ಈ ಕ್ರಮದಿಂದಲೇ. ಸರ್ಕಾರಿ ಆಸ್ಪತ್ರೆಗಳ ಲೆಕ್ಕದಲ್ಲಿ ಇದರ ಸಣ್ಣ ಪಾಲು ಮಾತ್ರ ಇತ್ತು. ಕರ್ನಾಟಕವು 2024ರಲ್ಲಿ ಹಾವು ಕಡಿತದ ವರದಿಯನ್ನು ಕಡ್ಡಾಯಗೊಳಿಸಿದೆ.

ಹಳ್ಳಿಗಳಲ್ಲಿ ಸೋಂಕಿನ ಸಾವುಗಳು ಇಳಿದು, ಹೃದ್ರೋಗ, ಪಾರ್ಶ್ವವಾಯು, ಶ್ವಾಸಕೋಶದ ದೀರ್ಘ ಕಾಯಿಲೆಗಳು ಮುಂದೆ ಬಂದಿವೆ. ಆದರೆ ಕೆಲಸದ ಜಾಗದ ಸಾವುಗಳೇ ನನ್ನನ್ನು ಹೆಚ್ಚು ಕಾಡುತ್ತವೆ: ಕರಿಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕರು ಪ್ರಾಣ ಬಿಡುವುದನ್ನು ನಾವು ತಡೆಯಬಲ್ಲೆವು, ಮತ್ತು ಅದನ್ನು ಬರೀ ‘ಬಿದ್ದು ಸತ್ತರು’ ಎಂದು ಬರೆಸಿದರೆ ತಂತಿಯ ವಿಷಯವನ್ನು ಯಾರೂ ಕೇಳುವುದಿಲ್ಲ.

ಆದ್ದರಿಂದ 21 ದಿನಗಳೊಳಗೆ ಮರಣ ನೋಂದಣಿ ಮಾಡಿಸಲು ಕುಟುಂಬಕ್ಕೆ ನೆರವಾಗಿ, ನಡೆದದ್ದನ್ನು ಪೂರ್ತಿಯಾಗಿ ಹೇಳಲು ತಿಳಿಸಬೇಕೆಂದು ಕೋರುತ್ತೇನೆ. ಕೀಟನಾಶಕ ಸೇವನೆಯಂಥ ಪ್ರಕರಣಗಳಲ್ಲಿ ಮನೆಯವರು ಬಾಯಿ ಬಿಡಲು ಹಿಂಜರಿಯುವುದು ಸಹಜ. ಒತ್ತಾಯಿಸದೆ, ಆಶಾ ಕಾರ್ಯಕರ್ತೆಯರನ್ನು ಜೊತೆಗೆ ಕರೆದುಕೊಂಡು ಅವರೊಂದಿಗೆ ಸಮಾಧಾನವಾಗಿ ಮಾತನಾಡಿರಿ. ಮೃತರ ಹೆಸರು, ಫೋಟೋ ಅಥವಾ ಕಾಯಿಲೆಯ ವಿವರವನ್ನು ಈ ಗುಂಪಿನಲ್ಲಿ ಹಾಕಬಾರದು.