ಏಟು ಯಾರಿಗೆ ಬೀಳುತ್ತದೆ?

ಚಿ. ಅನಘಾಳಿಗೆ ಸೋದರಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆ ಕೊರೆಯುತ್ತಿದೆ. ನೀನು ಸತ್ತುಹೋದೆ ಅಂತ ಇನ್‌ಸ್ಟಾಗ್ರಾಮಿನಲ್ಲಿ ಸುದ್ದಿ ಹಾಕುವುದು, ಜನ ಬರೆದದ್ದನ್ನೆಲ್ಲ ಕೂಡಿಸಿ ಕಲಾಕೃತಿ ಮಾಡುವುದು. ಹಾಗೇ ಅಲ್ವಾ? ಆಗ ನನಗೆ ಸರಿಯಾಗಿ ಮಾತು ಹೊರಡಲಿಲ್ಲ. ಅದಕ್ಕೇ ಈ ಕಾಗದ.

ವಫಾ ಬಿಲಾಲ್ ಅನ್ನುವ ಕಲಾವಿದರ ಕೆಲಸವನ್ನು ಒಮ್ಮೆ ನೋಡು. ಹುಟ್ಟಿದ್ದು ಇರಾಕಿನ ನಜಫ್‌ನಲ್ಲಿ, ನೆಲೆಸಿದ್ದು ಅಮೆರಿಕದಲ್ಲಿ. 2004ರಲ್ಲಿ ಅವರ ತಮ್ಮ ಇರಾಕಿನಲ್ಲಿ ಅಮೆರಿಕದ ದಾಳಿಗೆ ಸತ್ತ. ಅಮೆರಿಕದಲ್ಲೇ ಕಂಪ್ಯೂಟರ್ ಮುಂದೆ ಕೂತು ಇರಾಕಿನ ಮೇಲೆ ಬಾಂಬು ಹಾಕುವ ಸೈನಿಕರೊಬ್ಬರ ಮಾತನ್ನು ಆಮೇಲೆ ಅವರು ಟಿವಿಯಲ್ಲಿ ಕೇಳಿದರು. 2007ರಲ್ಲಿ ಶಿಕಾಗೋದ ಒಂದು ಗ್ಯಾಲರಿ ಕೋಣೆಯಲ್ಲಿ ಒಂದು ತಿಂಗಳು ಉಳಿದರು. ಎದುರಿಗೆ ಬಣ್ಣ ತುಂಬಿದ ಗುಂಡು ಹಾರಿಸುವ ಒಂದು ಪೇಂಟ್‌ಬಾಲ್ ಗನ್, ಒಂದು ಕ್ಯಾಮೆರಾ. ಎಲ್ಲಿಂದ ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ಗುರಿ ಹಿಡಿದು ಅವರಿಗೆ ಹೊಡೆಯಬಹುದಿತ್ತು. 100ಕ್ಕೂ ಜಾಸ್ತಿ ದೇಶಗಳ ಜನ 60,000ಕ್ಕೂ ಜಾಸ್ತಿ ಸಲ ಹೊಡೆದರು. ಗೋಡೆ, ಹಾಸಿಗೆ, ನೆಲ ಎಲ್ಲ ಹಳದಿ ಬಣ್ಣ. ಅವರ ದೀಪವೂ ಒಡೆದುಹೋಯಿತು. ನೋಡಿದವನೊಬ್ಬ ಹೊಸ ದೀಪ ತಂದುಕೊಟ್ಟ. ಇನ್ನು ಕೆಲವರು ಪಾಳಿ ಹಾಕಿಕೊಂಡು, ಗುಂಡು ಅವರಿಗೆ ತಾಗದಂತೆ ಗನ್ನನ್ನು ಎಡಕ್ಕೆ ತಿರುಗಿಸುತ್ತ ಕೂತರು. ನನಗೆ ಕಣ್ಣು ತುಂಬಿದ್ದು ಅಲ್ಲೇ ನೋಡು.

ಇನ್ನೊಂದೂ ಇದೆ. 2010ರಲ್ಲಿ ಇಟಲಿಯ ಇವಾ ಮತ್ತು ಫ್ರಾಂಕೋ ಮಾಟೆಸ್ ಅನ್ನುವ ಕಲಾವಿದ ಜೋಡಿ, ಗುರುತಿಲ್ಲದವರನ್ನು ವಿಡಿಯೋದಲ್ಲಿ ಮಾತಿಗೆ ಕೂಡಿಸುವ ಚಾಟ್‌ರೂಲೆಟ್ ಜಾಲತಾಣದಲ್ಲಿ ಎದುರಾದ ಅಪರಿಚಿತರಿಗೆ ನೇಣು ಬಿದ್ದಂಥ ನಾಟಕ ತೋರಿಸಿ, ಅವರ ಮುಖಗಳನ್ನು ಸೆರೆಹಿಡಿದರು. ಕೆಲವರು ನಕ್ಕರು, ಕೆಲವರು ಬೈದರು. ಮನಸ್ಸು ಕಲಕುವ ಕೆಲಸ, ಒಪ್ಪುತ್ತೇನೆ. ಆದರೆ ಅಲ್ಲಿ ಏಟು ಬಿದ್ದದ್ದು ಏನೂ ಗೊತ್ತಿಲ್ಲದೆ ಬಂದವರಿಗೆ. ಬಿಲಾಲ್ ಮಾತ್ರ ತಮ್ಮ ಮೈಯನ್ನೇ ಒಡ್ಡಿದರು. ಹೊಡೆಯುವುದೋ ಕಾಯುವುದೋ ಅನ್ನುವುದನ್ನು ನೋಡುಗರಿಗೇ ಬಿಟ್ಟರು.

ನಿನ್ನ ಸುದ್ದಿಯಲ್ಲಿ ನೋಡುಗರಿಗೆ ಮಾಡಲು ಏನಿದೆ? ಸುಮ್ನೆ ಅಳುವುದು, ಅಷ್ಟೇ. ತಾತನಿಗೆ ಬಸ್ ಅಪಘಾತ ಆಯಿತು ಅಂತ ಒಮ್ಮೆ ಸುಳ್ಳು ಸುದ್ದಿ ಬಂದಿತ್ತು. ಅಜ್ಜಿ ಸಂಜೆಯವರೆಗೂ ಹೊಸ್ತಿಲು ಬಿಟ್ಟು ಏಳಲಿಲ್ಲ. ತಾತ ನಡೆದು ಬಂದ ಮೇಲೂ ಅವಳು ಆ ರಾತ್ರಿ ಊಟ ಮಾಡಲಿಲ್ಲ. ನಿನ್ನ ಪೋಸ್ಟನ್ನು ಪಕ್ಕದ ಮನೆಯ ಹುಡುಗ ಅವಳಿಗೆ ಓದಿ ಹೇಳಿದರೆ?

ಜನರನ್ನು ಕೆಣಕು, ಧೈರ್ಯವಾಗಿ ಕೆಣಕು. ಈ ಒಂದು ಯೋಜನೆಯನ್ನು ಮಾತ್ರ ಬಿಡು. ದಸರಾ ರಜೆಗೆ ಬಾ, ಬೇರೆ ದಾರಿ ಕೂತು ಯೋಚಿಸೋಣ. ಅಜ್ಜಿಗೆ ನಾನೇನೂ ಹೇಳಿಲ್ಲ.

ನಿನ್ನ ಮಾವ