ಓದದೆ ಒತ್ತುವ ಹೆಬ್ಬೆಟ್ಟು

ಮಾನ್ಯ ಸಂಪಾದಕರೇ,

ಚಾಮರಾಜಪೇಟೆಯ ಒಂದು ಆಡಿಟರ್ ಕಚೇರಿಯಲ್ಲಿ ಲೆಕ್ಕ ಬರೆಯಲು ಸೇರಿ ನನಗೆ ಇಪ್ಪತ್ತೆರಡು ವರ್ಷವಾಯಿತು. ಕೊರೊನಾ ಕಾಲದಿಂದೀಚೆಗೆ ವಾರದಲ್ಲಿ ಮೂರು ದಿನ ವಿದ್ಯಾರಣ್ಯಪುರದ ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ (ಕಚೇರಿಯ ಜಾಲಕ್ಕೆ ಸೇರಿಸುವ ಸುರಕ್ಷಿತ ದಾರಿ) ಹಾಕಿ ರಿಮೋಟ್ ಡೆಸ್ಕ್‌ಟಾಪ್ ತೆರೆದರೆ ಕಚೇರಿಯ ಕಂಪ್ಯೂಟರೂ ಅದರೊಳಗಿನ ಲೆಕ್ಕದ ತಂತ್ರಾಂಶ ಟ್ಯಾಲಿಯೂ ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ಹಾಜರ್. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸುವ ತಾಪತ್ರಯವಿಲ್ಲ. ಈ ಸೌಕರ್ಯದ ಬಗ್ಗೆ ನನ್ನದೇನೂ ದೂರಿಲ್ಲ. ದೂರು ಇರುವುದು ಅದರ ಬಾಗಿಲಲ್ಲಿ ದಿನಾ ಪರದೆಯ ಮೇಲೆ ಕಾಣಿಸುತ್ತಿದ್ದ ಒಂದು ಎಚ್ಚರಿಕೆಯ ಡಬ್ಬಿಯ ಮೇಲೆ. ಸರಿಯಾಗಿ ಹೇಳಬೇಕೆಂದರೆ, ಆ ಡಬ್ಬಿಯನ್ನು ನಮಗೆ ಪರಿಚಯಿಸಿದ ರೀತಿಯ ಮೇಲೆ.

ರಿಮೋಟ್ ಡೆಸ್ಕ್‌ಟಾಪ್ ಬಳಸುವವರಿಗೆಲ್ಲ ಅದು ಗೊತ್ತು. ‘ಆಚೆ ಕಡೆಯ ಕಂಪ್ಯೂಟರಿನ ಗುರುತು ಪರಿಶೀಲಿಸಲು ಆಗುತ್ತಿಲ್ಲ, ಆದರೂ ಸಂಪರ್ಕಿಸಬೇಕೇ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ನಡುವೆ ಒಂದು ಹೆಸರು, ಅದರ ಕೆಳಗೆ ಸರ್ಟಿಫಿಕೇಟಿನ, ಅಂದರೆ ಆ ಯಂತ್ರದ ಗುರುತಿನ ಚೀಟಿಯ, ತಕರಾರು, ಕೊನೆಗೆ ‘ಯೆಸ್’ ಮತ್ತು ‘ನೋ’. ಮೊದಲ ದಿನ ಹೆದರಿಕೊಂಡು ನಮ್ಮ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನಿಗೆ ಫೋನ್ ಮಾಡಿದೆ. ‘ಅದು ಎಲ್ಲರಿಗೂ ಬರತ್ತೆ, ಯೆಸ್ ಒತ್ತಿ ಮೇಡಂ’ ಅಂದ. ಒತ್ತಿದೆ. ಮಾರನೆಯ ದಿನವೂ ಒತ್ತಿದೆ. ಮೂರನೆಯ ವಾರಕ್ಕೆ ‘ಇನ್ನು ಕೇಳಬೇಡ’ ಎಂಬ ಚೌಕದಲ್ಲಿ ಟಿಕ್ ಹಾಕಿದೆ. ಅಲ್ಲಿಗೆ ಪೀಡೆ ಕಳೆಯಿತು ಅಂದುಕೊಂಡೆ.

ಒಂದು ತಿಂಗಳ 19ನೇ ತಾರೀಕಿನ ರಾತ್ರಿ ಜೋರು ಮಳೆ. ಚಾಮರಾಜಪೇಟೆಯಲ್ಲಿ ಕರೆಂಟ್ ಹೋಯಿತು, ಕಚೇರಿಯ ಯುಪಿಎಸ್ ಕೂಡ ಉಸಿರು ಬಿಟ್ಟಿತು. ಮರುದಿನ 20, ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆಯ ದಿನ. ನಮ್ಮಂಥವರಿಗೆ ಆ ದಿನ ಕಾಫಿಯೂ ಗಂಟಲಲ್ಲಿ ಇಳಿಯುವುದಿಲ್ಲ. ಕಚೇರಿಯ ಹುಡುಗ ಬೇಗ ಬಂದು ಕಂಪ್ಯೂಟರುಗಳನ್ನೆಲ್ಲ ಹಾಕಿದ. ಎಂಟು ಗಂಟೆಗೆ ನಾನು ಮನೆಯಿಂದ ಸಂಪರ್ಕಿಸಿದರೆ ಟಿಕ್ ಹಾಕಿ ಓಡಿಸಿದ್ದ ಅದೇ ಡಬ್ಬಿ ಮತ್ತೆ ಎದುರಿಗೆ! ಸಿಟ್ಟಿನಲ್ಲಿ ಯೆಸ್ ಒತ್ತಿದೆ. ಪಾಸ್‌ವರ್ಡ್ ತಪ್ಪು ಎಂದು ತಿರುಗಿಸಿ ಕಳಿಸಿತು. ಇನ್ನೊಮ್ಮೆ ನಿಧಾನವಾಗಿ ಬರೆದೆ, ತಪ್ಪು. ಹಳೆಯ ಪಾಸ್‌ವರ್ಡ್ ಇರಬಹುದೆಂದು ಅದನ್ನು ಹಾಕಿದೆ. ಆಮೇಲೆ ಇಮೇಲಿನದು. ಹೇಳಲು ನಾಚಿಕೆಯಾಗುತ್ತದೆ, ಕೊನೆಗೆ ನನ್ನ ಬ್ಯಾಂಕ್ ಖಾತೆಯದನ್ನೂ ಹಾಕಿ ನೋಡಿದೆ. ಬೆರಳು ತಾನಾಗಿ ಓಡುತ್ತಿತ್ತು, ಪ್ರತಿ ಸಲವೂ ಡಬ್ಬಿ, ಪ್ರತಿ ಸಲವೂ ಯೆಸ್.

ಐದನೆಯ ಸಲವೋ ಆರನೆಯ ಸಲವೋ ಕಣ್ಣು ಆ ನಡುವಿನ ಹೆಸರಿನ ಮೇಲೆ ಬಿತ್ತು. ಅದು ನನ್ನ ಕಂಪ್ಯೂಟರಿನ ಹೆಸರಲ್ಲ, ರಿಸೆಪ್ಷನ್ ಕಂಪ್ಯೂಟರಿನದು.

ಆಗಿದ್ದು ಇಷ್ಟೇ. ನಾನು ಸಂಪರ್ಕಿಸುತ್ತಿದ್ದುದು 192.168 ಎಂದು ಶುರುವಾಗುವ ಒಂದು ಅಂಕಿಯ ವಿಳಾಸಕ್ಕೆ. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಆ ವಿಳಾಸಗಳನ್ನು ಹೊಸದಾಗಿ ಹಂಚಿತು, ನನ್ನ ಕಂಪ್ಯೂಟರಿನ ವಿಳಾಸ ಮೊದಲು ಎದ್ದ ರಿಸೆಪ್ಷನ್ ಯಂತ್ರದ ಪಾಲಾಯಿತು. ಅದರಲ್ಲಿ ನನ್ನ ಹೆಸರಿನ ಖಾತೆಯೇ ಇಲ್ಲ, ಪಾಸ್‌ವರ್ಡ್ ಸರಿಹೋಗುವುದು ಎಲ್ಲಿಂದ? ನನ್ನ ಪುಣ್ಯ, ಆ ಕಡೆ ಇದ್ದದ್ದು ನಮ್ಮದೇ ಕಚೇರಿಯ ಯಂತ್ರ. ಬೇರೆ ಯಾವನೋ ನಡುವೆ ಕೂತಿದ್ದರೂ ಅವತ್ತು ನಾನು ಮಾಡುತ್ತಿದ್ದುದು ಅದನ್ನೇ.

ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಆ ಡಬ್ಬಿ ಅವತ್ತು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ‘ಇನ್ನು ಕೇಳಬೇಡ’ ಎಂದರೆ ಯಾರು ಬಂದರೂ ಒಳಗೆ ಬಿಡು ಎಂದಲ್ಲವಂತೆ. ಈ ಸರ್ಟಿಫಿಕೇಟ್ ತೋರಿಸಿದ ಯಂತ್ರವಾದರೆ ಕೇಳಬೇಡ ಎಂದು ಮಾತ್ರ. ಬೇರೆ ಯಂತ್ರ ಬೇರೆ ಸರ್ಟಿಫಿಕೇಟ್ ತೋರಿಸಿತು, ಅದಕ್ಕೇ ಮತ್ತೆ ಕೇಳಿತು. ಟಿಕ್ ಹಾಕಿದ ಮೇಲೂ ಡಬ್ಬಿ ಬಂದದ್ದೇ ದೊಡ್ಡ ಸುದ್ದಿ. ಆ ಸುದ್ದಿ ಓದುವುದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಟ್ಟದ್ದು ಯೆಸ್ ಒತ್ತುವುದನ್ನು ಮಾತ್ರ. ನಮ್ಮ ತಾತ ಸೊಸೈಟಿಯ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದುದೂ ಹೀಗೆಯೇ, ಕಾರ್ಯದರ್ಶಿ ತೋರಿಸಿದ ಜಾಗದಲ್ಲಿ.

ಹಾಗಾದರೆ ದಿನಾ ಯಾಕೆ ಬರುತ್ತಿತ್ತು? ವಿಂಡೋಸ್ ಕಂಪ್ಯೂಟರ್ ರಿಮೋಟ್ ಡೆಸ್ಕ್‌ಟಾಪ್‌ಗಾಗಿ ತನಗೆ ತಾನೇ ಒಂದು ಸರ್ಟಿಫಿಕೇಟ್ ಬರೆದುಕೊಳ್ಳುತ್ತದೆ. ಗೆಜೆಟೆಡ್ ಆಫೀಸರನ್ನು ಹುಡುಕಿಕೊಂಡು ಹೋಗದೆ ನಮ್ಮ ಅಂಕಪಟ್ಟಿಯ ಜೆರಾಕ್ಸಿಗೆ ನಾವೇ ‘ನಿಜಪ್ರತಿ’ ಎಂದು ಸಹಿ ಹಾಕಿಕೊಂಡಂತೆ. ಸುಳ್ಳೆಂದು ಅರ್ಥವಲ್ಲ, ಹೊರಗಿನವರು ಯಾರೂ ದೃಢಪಡಿಸಿಲ್ಲ ಎಂದು ಅರ್ಥ. ಅದರ ಆಯುಸ್ಸು ಆರು ತಿಂಗಳು. ಮುಗಿಯುವ ಹೊತ್ತಿಗೆ ಯಂತ್ರವೇ ಹೊಸದು ಬರೆದುಕೊಳ್ಳುತ್ತದೆ, ಆಗ ಡಬ್ಬಿ ಮತ್ತೆ ಬರುವುದು ಸಹಜ. ಸಾಲದ್ದಕ್ಕೆ ಸರ್ಟಿಫಿಕೇಟಿನಲ್ಲಿ ಇರುವುದು ಯಂತ್ರದ ಹೆಸರು, ನಾವು ಬರೆಯುವುದು ಅಂಕಿಯ ವಿಳಾಸ. ಎರಡೂ ತಾಳೆಯಾಗುವುದಿಲ್ಲ ಎಂದು ಇನ್ನೊಂದು ತಕರಾರು. ಆಡಿಟ್ ಕಚೇರಿಯವಳಾದ ನನಗೆ ಇದೆಲ್ಲ ಅರ್ಥವಾಗದ ವಿಷಯವೇ? ಡಿಜಿಟಲ್ ಸಹಿಯ ಟೋಕನ್ ನನ್ನ ಡ್ರಾಯರಿನಲ್ಲೇ ಒಂದು ಡಜನ್ ಇದೆ, ಪರವಾನಗಿ ಪಡೆದ ಸಂಸ್ಥೆ ಕೊಟ್ಟ ಸರ್ಟಿಫಿಕೇಟ್ ಇಲ್ಲದೆ ಕಂಪನಿಗಳ ಫಾರಂ ಸಲ್ಲಿಕೆಯಾಗುವುದಿಲ್ಲ. ಒಂದು ಹತ್ತು ನಿಮಿಷ ಕೂರಿಸಿ ಹೇಳಿದ್ದರೆ ಸಾಕಿತ್ತು.

ಘಟನೆಯ ಮೇಲೆ ಆ ಹುಡುಗನನ್ನು ಕರೆಸಿದೆವು. ಅವನ ಮೊದಲ ಮದ್ದು ಏನು ಗೊತ್ತೇ? ‘ಅಡ್ವಾನ್ಸ್ಡ್‌ನಲ್ಲಿ ಹೋಗಿ ಎಚ್ಚರಿಕೆ ಕೊಡದೆ ಸಂಪರ್ಕಿಸು ಅಂತ ಇಟ್ಟುಬಿಡ್ತೀನಿ, ಆ ಬಾಕ್ಸೇ ಬರಲ್ಲ ಮೇಡಂ.’ ರಾತ್ರಿ ಸೀಟಿ ಊದುತ್ತಾನೆಂದು ಗೂರ್ಖನ ಸೀಟಿ ಕಿತ್ತುಕೊಂಡ ಹಾಗೆ! ಬೇಡ ಎಂದೆ. ಆಮೇಲೆ ನೋಡಿದರೆ ಸರಿಯಾದ ಕೆಲಸವೂ ಅವನಿಗೆ ಬರುತ್ತಿತ್ತು. ನನ್ನ ಯಂತ್ರಕ್ಕೆ ರೂಟರಿನಲ್ಲಿ ಒಂದೇ ವಿಳಾಸ ಕಾಯ್ದಿರಿಸಿದ, ಕಾಲು ಗಂಟೆ ಹಿಡಿಯಿತು. ದೊಡ್ಡ ಕಚೇರಿಗಳಾದರೆ ತಮ್ಮದೇ ಸರ್ಟಿಫಿಕೇಟ್ ಸರ್ವರ್ ಇಟ್ಟು ಎಲ್ಲ ಯಂತ್ರಗಳಿಗೂ ಹಂಚಬಹುದಂತೆ, ಆಗ ಹೆಸರಿನಿಂದ ಸಂಪರ್ಕಿಸಿದರೆ ಡಬ್ಬಿಯೇ ಬರುವುದಿಲ್ಲ, ಬಂದ ದಿನ ನಿಜಕ್ಕೂ ಏನೋ ಎಡವಟ್ಟಾಗಿದೆ ಎಂದು ಗೊತ್ತಾಗುತ್ತದೆ. ಏಳು ಜನರ ನಮ್ಮ ಕಚೇರಿಗೆ ಅಷ್ಟೆಲ್ಲ ಬೇಡ ಎಂದು ನಾನೇ ಹಳೆಯ ದಾರಿ ಹಿಡಿದೆ.

ಡಬ್ಬಿಯಲ್ಲಿ ‘ವ್ಯೂ ಸರ್ಟಿಫಿಕೇಟ್’ ಎಂಬ ಗುಂಡಿಯಿದೆ. ಅದರೊಳಗೆ ‘ಡೀಟೇಲ್ಸ್’, ಅಲ್ಲಿ ಕೊನೆಯ ಕಡೆಗೆ ‘ಥಂಬ್‌ಪ್ರಿಂಟ್’. ನೋಡಿ, ಅದರ ಹೆಸರೂ ಹೆಬ್ಬೆಟ್ಟಿನ ಗುರುತೇ! ಅಂಕಿಯೂ ಎ-ಯಿಂದ ಎಫ್‌ವರೆಗಿನ ಅಕ್ಷರಗಳೂ ಸೇರಿ ನಲವತ್ತು. ಕಚೇರಿಯ ಯಂತ್ರದ ಮುಂದೆ ಸಹೋದ್ಯೋಗಿಯನ್ನು ಕೂರಿಸಿ ಅದರ ಸರ್ಟಿಫಿಕೇಟ್ ತೆರೆಸಿದೆ. ಫೋನಿನಲ್ಲಿ ಆಕೆ ಓದಿದಳು, ನಾನು ನನ್ನ ಪರದೆ ನೋಡುತ್ತ ಪೆನ್ಸಿಲಿನಲ್ಲಿ ಟಿಕ್ ಹಾಕಿದೆ. ವೋಚರ್‌ಗಳನ್ನು ಲೆಡ್ಜರಿಗೆ ತಾಳೆ ಹಾಕುವಾಗ ಇಪ್ಪತ್ತೆರಡು ವರ್ಷ ಮಾಡಿದ್ದು ಇದನ್ನೇ, ಒಬ್ಬರು ಓದುವುದು, ಒಬ್ಬರು ಟಿಕ್ ಹಾಕುವುದು. ನಲವತ್ತಕ್ಕೆ ನಲವತ್ತು ತಾಳೆಯಾದ ಮೇಲೆ ‘ಇನ್ನು ಕೇಳಬೇಡ’ ಎಂದು ಟಿಕ್ ಹಾಕಿ ಯೆಸ್ ಒತ್ತಿದೆ. ಪೂರ್ತಿ ಎರಡು ನಿಮಿಷವೂ ಹಿಡಿಯಲಿಲ್ಲ.

ಇನ್ನೊಂದು ಡಬ್ಬಿಯ ಮಾತು ಹೇಳಿ ಮುಗಿಸುತ್ತೇನೆ, ಇದು ಮೊದಲಿನದಕ್ಕಿಂತ ತಂಟೆಯದು. ಈಚೆಗೆ ಒಬ್ಬ ಗಿರಾಕಿಯ ಕಡೆಯವರು ‘ನಮ್ಮ ಸರ್ವರಿನಲ್ಲೇ ಲೆಕ್ಕ ನೋಡಿಬಿಡಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಆರ್‌ಡಿಪಿ ಫೈಲ್ ಕಳಿಸಿದರು, ತೆರೆದರೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ನೇರ ಅವರ ಸರ್ವರಿಗೆ ಸಂಪರ್ಕಿಸುವ ಫೈಲ್. ತೆರೆದರೆ ‘ಇದನ್ನು ತಯಾರಿಸಿದವರು ಯಾರೆಂದು ತಿಳಿಯದು’ ಎಂಬ ಎಚ್ಚರಿಕೆ. ಅದರ ವಿವರದಲ್ಲಿ ನನ್ನ ಕಂಪ್ಯೂಟರಿನಿಂದ ಆ ಕಡೆಗೆ ಏನೇನು ಬಿಟ್ಟುಕೊಡುತ್ತೀರಿ ಎಂಬ ಪಟ್ಟಿ: ಡ್ರೈವ್‌ಗಳು, ಕ್ಲಿಪ್‌ಬೋರ್ಡ್, ಪ್ರಿಂಟರ್. ಡ್ರೈವ್‌ಗಳ ಮೇಲೆ ಟಿಕ್ ಬಿದ್ದೇ ಇತ್ತು. ನನ್ನ ಡಿ ಡ್ರೈವಿನಲ್ಲಿ ಬೇರೆ ಗಿರಾಕಿಗಳ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಇವೆ. ಯೆಸ್ ಒತ್ತಿದ್ದರೆ ಅವರ ಲೆಕ್ಕ ನೋಡಲು ಹೋದವಳು ಉಳಿದವರ ಬೀರುವಿನ ಬಾಗಿಲನ್ನು ಅವರಿಗೆ ತೆರೆದಿಟ್ಟಂತಾಗುತ್ತಿತ್ತು. ಟಿಕ್ ತೆಗೆದೆ, ಅವರಿಗೂ ಹೇಳಿದೆ. ‘ಹಾಗೇ ಬರತ್ತೆ, ಗಮನಿಸಿರಲಿಲ್ಲ’ ಅಂದರು, ಕೆಟ್ಟವರೇನಲ್ಲ. ಆದರೆ 2024ರ ಅಕ್ಟೋಬರಿನಲ್ಲಿ ಇಂಥದೇ ಫೈಲುಗಳನ್ನು ಇಮೇಲಿಗೆ ಅಂಟಿಸಿ ನೂರಕ್ಕೂ ಹೆಚ್ಚು ಸಂಸ್ಥೆಗಳ ಸಾವಿರಾರು ಜನರಿಗೆ ಕಳಿಸಿದ್ದರೆಂದು ಮೈಕ್ರೋಸಾಫ್ಟ್ ಎಚ್ಚರಿಸಿತ್ತು. ತೆರೆದವರ ಡ್ರೈವ್‌ಗಳು ಕಳ್ಳರ ಸರ್ವರಿಗೆ ಜೋಡಣೆಯಾಗುವಂತೆ ಆ ಫೈಲುಗಳನ್ನು ಹೊಂದಿಸಿದ್ದರು. ಆ ಫೈಲುಗಳಿಗೆ ಸರ್ಟಿಫಿಕೇಟಿನ ಸಹಿಯೂ ಇತ್ತು. ಸಹಿ ಇದ್ದರೆ ಹೆಸರು ಕಾಣಿಸುತ್ತದೆ, ಆ ಹೆಸರಿನವರು ನಮಗೆ ಗೊತ್ತಿರುವವರೇ ಎಂದು ನೋಡಬೇಕಾದವರು ನಾವೇ.

ಸೈಬರ್ ವಂಚನೆಯ ಸುದ್ದಿಗಳ ಕೊನೆಗೆ ‘ಸಾರ್ವಜನಿಕರು ಎಚ್ಚರ ವಹಿಸಬೇಕು’ ಎಂದು ಬರೆಯುತ್ತೀರಿ. ಸ್ವಾಮಿ, ಎಚ್ಚರಿಕೆಯನ್ನು ಕಡೆಗಣಿಸಲು ನಮಗೆ ತರಬೇತಿ ಕೊಡುವವರು ನಮ್ಮ ಕಚೇರಿಗಳೇ. ಕಂಪ್ಯೂಟರ್ ಉಸ್ತುವಾರಿಗೆ ತಿಂಗಳು ತಿಂಗಳು ದುಡ್ಡು ತೆಗೆದುಕೊಳ್ಳುವವರು ಯಂತ್ರದ ಹೆಸರು, ಹೆಬ್ಬೆಟ್ಟಿನ ಗುರುತು, ಅದು ಬದಲಾಗುವ ತಾರೀಕು ಇಷ್ಟನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಡಲಿ. ಪಾಸ್‌ವರ್ಡ್ ಬರೆದಿಡಬಾರದು, ಇದನ್ನು ಬರೆದಿಟ್ಟರೆ ಏನೂ ಹೋಗುವುದಿಲ್ಲ. ಕಚೇರಿ ನಡೆಸುವವರೂ ಅಷ್ಟೇ, ‘ನೋ’ ಒತ್ತಿ ಫೋನ್ ಮಾಡಿದ ಗುಮಾಸ್ತೆಗೆ 20ನೇ ತಾರೀಕಿನಂದೂ ಗದರಬೇಡಿ.

ನನ್ನ ಚೀಟಿ ಗೋಡೆಯ ಪಂಚಾಂಗದ ಪಕ್ಕದಲ್ಲಿದೆ. ಕಳೆದ ವಾರ ಡಬ್ಬಿ ಮತ್ತೆ ಬಂತು. ಹೆಸರು ನನ್ನ ಯಂತ್ರದ್ದೇ, ಗುರುತು ಬೇರೆ. ನೋ ಒತ್ತಿ ಕಚೇರಿಗೆ ಫೋನ್ ಮಾಡಿದೆ. ಆರು ತಿಂಗಳು ತುಂಬಿತ್ತು, ಹೊಸದು. ಆಕೆ ಓದಿದಳು, ನಾನು ಟಿಕ್ ಹಾಕಿದೆ, ಹಳೆಯ ಚೀಟಿಯ ಮೇಲೆ ಗೆರೆ ಎಳೆದು ಹೊಸ ನಲವತ್ತನ್ನು ಬರೆದೆ.

ಇತಿ,
ಒಬ್ಬ ಲೆಕ್ಕ ಗುಮಾಸ್ತೆ
ವಿದ್ಯಾರಣ್ಯಪುರ, ಬೆಂಗಳೂರು